ಸು ವೋತೊ ಎಸ್ ಸು ವೋಸ್: ನಿಮ್ಮ ಮತವೇ ನಿಮ್ಮ ಮಾತು

ಐದು ಪುಟ್ಟ ಪದಗಳ ಸ್ಪ್ಯಾನಿಷ್ ಸಾಲು ಇದು. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವವರ ಬಾಗಿಲಿಗೆ ಹೋಗಿ ಮತದಾರರ ಪಟ್ಟಿಗೆ ಹೆಸರು ಬರೆಸುವವರ ಘೋಷಣೆ. ‘ಸು’ ಅಂದರೆ ನಿಮ್ಮ. ‘ವೋತೊ’ ಅಂದರೆ ಓಟು. ‘ಎಸ್’ ಅನ್ನುವುದಕ್ಕೆ ಕನ್ನಡದಲ್ಲಿ ಬೇರೆ ಪದವೇ ಬೇಡ, ಒಂದು ‘ಏ’ ಸೇರಿಸಿದರೆ ಆಯಿತು. ‘ವೋಸ್’ ಅಂದರೆ ದನಿ. ಬರೆಯುವಾಗ ‘ವ’ ಇದ್ದರೂ ಬಾಯಲ್ಲಿ ಅದು ‘ಬ’ಕ್ಕೆ ಹತ್ತಿರ: ಸು ಬೋತೊ ಎಸ್ ಸು ಬೋಸ್. ನಿಮ್ಮ ಓಟೇ ನಿಮ್ಮ ದನಿ.

ಸ್ಪ್ಯಾನಿಷ್‌ನಲ್ಲಿ ವೋತೊ, ವೋಸ್ ಎರಡೂ ಪದ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಅದಕ್ಕೇ ಕಿವಿಯಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಆ ನಾದ ಉಳಿಯಬೇಕೆಂದರೆ ‘ನಿಮ್ಮ ಮತವೇ ನಿಮ್ಮ ಮಾತು’ ಅನ್ನಬಹುದು. ನನಗೆ ಇದು ಮೂಲಕ್ಕಿಂತಲೂ ಇಷ್ಟವಾಗುತ್ತದೆ. ಯಾಕೆಂದರೆ ನಮ್ಮ ‘ಮತ’ ಅನ್ನುವ ಪದದಲ್ಲೇ ಅಭಿಪ್ರಾಯ ಅನ್ನುವ ಅರ್ಥ ಕೂತಿದೆ. ಸ್ಪ್ಯಾನಿಷ್‌ನ ವೋತೊ ಬೇರೆ ದಾರಿಯಲ್ಲಿ ಬಂದದ್ದು. ಅದರ ಮೂಲ ಲ್ಯಾಟಿನ್ನಿನ ‘ವೋತುಮ್’. ಹಾಗಂದರೆ ಹರಕೆ. ಇಂಗ್ಲಿಷಿನ ವೋಟ್, ಅಲ್ಲಿಂದ ನಮ್ಮ ಓಟು, ಎಲ್ಲವೂ ಆ ಹರಕೆಯ ಮಕ್ಕಳೇ. ಸ್ಪ್ಯಾನಿಷ್‌ನಲ್ಲಿ ಇವತ್ತಿಗೂ ಕ್ರೈಸ್ತ ಸನ್ಯಾಸಿನಿಯರು ತೊಡುವ ವ್ರತಕ್ಕೆ ವೋತೊ ಅಂತಲೇ ಹೆಸರು.

ಇನ್ನೊಂದು ಪದ ಗಮನಿಸಿ: ಸು. ಸ್ಪ್ಯಾನಿಷ್‌ನಲ್ಲೂ ನಮ್ಮ ಹಾಗೆ ನಿನ್ನ, ನಿಮ್ಮ ಅನ್ನುವ ಭೇದ ಇದೆ. ಸಲಿಗೆಗೆ ‘ತು’, ಮರ್ಯಾದೆಗೆ ‘ಸು’. ಇಂಗ್ಲಿಷಿಗೆ ಹಾಕಿದರೆ ಈ ಭೇದ ಅಳಿಸಿಹೋಗುತ್ತದೆ, ಕನ್ನಡದಲ್ಲಿ ಉಳಿಯುತ್ತದೆ. ಹೊಲದಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ, ಕಟ್ಟಡದ ಕೆಲಸದಲ್ಲಿ ದಿನವಿಡೀ ಹೆಸರು ಹಿಡಿದು ಕೂಗಿಸಿಕೊಳ್ಳುವ ಜನರ ಬಾಗಿಲಿಗೆ ಹೋಗಿ ‘ನಿಮ್ಮ’ ಅನ್ನುವುದು ಸಣ್ಣ ಮಾತಲ್ಲ.

ಯಾರು ಈ ಜನ? ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ, ಎಲ್ ಸಾಲ್ವಡಾರ್ ಮುಂತಾದ ಕಡೆ ಬೇರಿರುವ, ಅಮೆರಿಕದಲ್ಲಿ ಬದುಕುತ್ತಿರುವವರಿಗೆ ಒಟ್ಟಾಗಿ ಲ್ಯಾಟಿನೊ ಅನ್ನುತ್ತಾರೆ. ಇವರೆಲ್ಲ ಮೊನ್ನೆ ಮೊನ್ನೆ ವಲಸೆ ಬಂದವರಲ್ಲ. ಟೆಕ್ಸಸ್ ಮೊದಲು ಮೆಕ್ಸಿಕೊದ ಭಾಗವೇ ಆಗಿತ್ತು. ಎಷ್ಟೋ ಕುಟುಂಬಗಳು ಇದ್ದಲ್ಲೇ ಇದ್ದವು, ಗಡಿ ಅವರನ್ನು ದಾಟಿಕೊಂಡು ಹೋಯಿತು. 2024ರ ಚುನಾವಣೆಯ ಹೊತ್ತಿಗೆ ಓಟಿನ ಹಕ್ಕಿರುವ ಲ್ಯಾಟಿನೊಗಳು ಸುಮಾರು 3.6 ಕೋಟಿ. ದೇಶದ ಮತದಾರರಲ್ಲಿ ನೂರಕ್ಕೆ ಹೆಚ್ಚುಕಡಿಮೆ 15 ಜನ. ಎಲ್ಲರೂ ಒಂದೇ ಕಡೆ ಓಟು ಹಾಕುತ್ತಾರೆ ಅಂದುಕೊಂಡರೆ ತಪ್ಪು. ಮಯಾಮಿಯ ಕ್ಯೂಬಾದವರ ರಾಜಕೀಯವೇ ಬೇರೆ, ಲಾಸ್ ಏಂಜಲೀಸ್‌ನ ಮೆಕ್ಸಿಕೊ ಮೂಲದವರದೇ ಬೇರೆ.

ಇಲ್ಲಿ ಕನ್ನಡದ ಓದುಗರಿಗೆ ಒಂದು ವಿಷಯ ಹೇಳಲೇಬೇಕು. ನಮ್ಮಲ್ಲಿ ಮತದಾರರ ಪಟ್ಟಿ ಸರಿಮಾಡಲು ಬಿಎಲ್‌ಒ ಮನೆ ಬಾಗಿಲಿಗೆ ಬರುತ್ತಾರೆ. ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆ ಅಥವಾ ಮೇಷ್ಟ್ರು. ಅಮೆರಿಕದಲ್ಲಿ ಹಾಗೆ ಸರ್ಕಾರದ ಕಡೆಯಿಂದ ಬಾಗಿಲಿಗೆ ಬರುವವರಿಲ್ಲ. ಟೆಕ್ಸಸ್‌ನಂಥ ರಾಜ್ಯದಲ್ಲಿ ಹೆಸರು ಸೇರಿಸುವುದು ಪೂರ್ತಿ ನಿಮ್ಮ ಹೊಣೆ. ಬಾಡಿಗೆ ಮನೆ ಬದಲಿಸಿದರೆ ವಿಳಾಸವನ್ನೂ ನೀವೇ ಬದಲಿಸಬೇಕು. ಚುನಾವಣೆಗೆ 30 ದಿನ ಮುಂಚೆ ಪಟ್ಟಿಯ ಬಾಗಿಲು ಮುಚ್ಚುತ್ತದೆ. ಆಮೇಲೆ ನೆನಪಾದರೆ ಏನೂ ಮಾಡುವ ಹಾಗಿಲ್ಲ. ನಮ್ಮ ಬಿಎಲ್‌ಒ ಮಾಡುವ ಕೆಲಸದ ದೊಡ್ಡ ಪಾಲನ್ನು ಅಲ್ಲಿ ಸ್ವಯಂಸೇವಾ ಸಂಸ್ಥೆಗಳು ಹೊತ್ತಿವೆ. ಈ ಸಾಲು ಹುಟ್ಟಿ ಬೆಳೆದದ್ದು ಆ ಖಾಲಿ ಜಾಗದಲ್ಲಿ.

ಹಿಂದೆ ಪರಿಸ್ಥಿತಿ ಇನ್ನೂ ಕಷ್ಟವಿತ್ತು. 1902ರಿಂದ ಟೆಕ್ಸಸ್‌ನಲ್ಲಿ ಓಟು ಹಾಕಲು ತೆರಿಗೆ ಕಟ್ಟಬೇಕಿತ್ತು. ಪೋಲ್ ಟ್ಯಾಕ್ಸ್ ಅಂತ ಹೆಸರು. ಒಬ್ಬರಿಗೆ ಒಂದೂವರೆ ಡಾಲರ್, ಹಲವು ಕಡೆ ಒಂದು ಮುಕ್ಕಾಲು ಡಾಲರ್. ಅದನ್ನು ಜನವರಿ 31ರೊಳಗೇ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ಚುನಾವಣೆ ಬರುವುದು ತಿಂಗಳುಗಟ್ಟಲೆ ಆದಮೇಲೆ. ಗಂಡ, ಹೆಂಡತಿ, ವಯಸ್ಸಿಗೆ ಬಂದ ಮಗ, ಮೂವರಿಗೆ ಕಟ್ಟಬೇಕೆಂದರೆ ಹೊಲದ ಕೂಲಿಯವರಿಗೆ ಹೊಟ್ಟೆಗೆ ಬಟ್ಟೆ ಕಟ್ಟಬೇಕಾದ ಮಾತು.

ಟೆಕ್ಸಸ್‌ನಲ್ಲಿ ಕ್ರಿಸ್ಟಲ್ ಸಿಟಿ ಅಂತ ಒಂದು ಸಣ್ಣ ಊರಿದೆ. ಪಾಲಕ್ ಸೊಪ್ಪು ಬೆಳೆಯುವುದಕ್ಕೆ ಹೆಸರಾದ ಊರು. ಕಾರ್ಟೂನಿನ ಪಾಪಾಯ್‌ಗೆ ಅಲ್ಲೊಂದು ಪ್ರತಿಮೆಯೂ ಇದೆ. ಆ ಊರಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದವರು. ಆದರೆ ಊರಿನ ಆಡಳಿತ ಪೂರ್ತಿ ಬಿಳಿಯರ ಕೈಯಲ್ಲಿತ್ತು. 1963ರಲ್ಲಿ ಜನ ಒಟ್ಟಾಗಿ ಪೋಲ್ ಟ್ಯಾಕ್ಸ್ ಕಟ್ಟಿಸಿದರು, ತರಕಾರಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಕಾರ್ಮಿಕ ಸಂಘ ಬೆನ್ನಿಗೆ ನಿಂತಿತು, ಕೌನ್ಸಿಲಿನ ಐದಕ್ಕೆ ಐದೂ ಸ್ಥಾನ ಮೆಕ್ಸಿಕೊ ಮೂಲದವರಿಗೆ ಬಂತು. ‘ಲೋಸ್ ಸಿಂಕೊ’ ಅಂದರೆ ‘ಆ ಐವರು’ ಅಂತ ಇವತ್ತಿಗೂ ನೆನೆಯುತ್ತಾರೆ. ಆದರೆ ಆ ಗೆಲುವು ಮುಂದಿನ ಚುನಾವಣೆಗೆ ಉಳಿಯಲಿಲ್ಲ. ಒಂದು ಸಲ ಹುಮ್ಮಸ್ಸಿನಿಂದ ಹೆಸರು ಬರೆಸಿದರೆ ಸಾಲದು, ಇದನ್ನು ವರ್ಷ ವರ್ಷ ಮಾಡುವವರು ಬೇಕು ಅನ್ನುವುದು ಅಲ್ಲಿ ಗೊತ್ತಾಯಿತು.

ಅಷ್ಟು ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಂಸ್ಥೆ ಅದನ್ನು ಮಾಡಿ ತೋರಿಸಿತ್ತು. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಕಮ್ಯುನಿಟಿ ಸರ್ವಿಸ್ ಆರ್ಗನೈಸೇಷನ್. ಸಾವಿರಾರು ಜನರ ಹೆಸರು ಪಟ್ಟಿಗೆ ಸೇರಿಸಿತು. 1949ರಲ್ಲಿ ಎಡ್ವರ್ಡ್ ರೊಯ್ಬಲ್ ಆ ನಗರದ ಕೌನ್ಸಿಲಿಗೆ ಗೆದ್ದರು. 1952ರಲ್ಲಿ ಅದೇ ಸಂಸ್ಥೆಯವರು ಸ್ಯಾನ್ ಹೋಸೆಯ ಒಂದು ಬಡಾವಣೆಗೆ ಬಂದರು. ಆ ಬಡಾವಣೆಯ ಹೆಸರು ‘ಸಾಲ್ ಸಿ ಪುಯೆದೆಸ್’. ಅರ್ಥ: ಸಾಧ್ಯವಾದರೆ ಹೊರಗೆ ಬಾ. ಮಳೆ ಬಂದರೆ ಬೀದಿಯಲ್ಲಿ ಅಷ್ಟು ಕೆಸರು. ಅಲ್ಲಿ ಮನೆ ಮನೆಗೆ ಹೋಗಿ ಮತದಾರರ ಹೆಸರು ಬರೆಸುವ ಕೆಲಸಕ್ಕೆ ಸೇರಿದ ಯುವಕನೇ ಸೆಸಾರ್ ಚಾವೆಸ್. ಮುಂದೆ ಡೊಲೊರೆಸ್ ವೆರ್ತಾ ಜೊತೆ ಹೊಲದ ಕೂಲಿಕಾರರ ಸಂಘ ಕಟ್ಟಿದವರು. ಅವರ ಹೋರಾಟದ ಮೊದಲ ಪಾಠ ಓಟರ್ ಪಟ್ಟಿಯ ಫಾರಂ ತುಂಬಿಸುವುದೇ ಆಗಿತ್ತು.

ಈಗ ನಮ್ಮ ಸಾಲಿಗೆ ಬರೋಣ. ‘ಸು ವೋತೊ ಎಸ್ ಸು ವೋಸ್’ ಅಂದ ಕೂಡಲೇ ಜನರಿಗೆ ನೆನಪಾಗುವ ಹೆಸರು ವಿಲಿ ವೆಲಾಸ್ಕೆಸ್. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದಲ್ಲಿ ಬೆಳೆದವರು. 1974ರಲ್ಲಿ ಅಲ್ಲೇ ಸೌತ್‌ವೆಸ್ಟ್ ವೋಟರ್ ರಿಜಿಸ್ಟ್ರೇಷನ್ ಎಜುಕೇಷನ್ ಪ್ರಾಜೆಕ್ಟ್ ಅನ್ನುವ ಸಂಸ್ಥೆ ಕಟ್ಟಿದರು. ಉದ್ದ ಹೆಸರು, ಕೆಲಸ ನೇರ: ಓಟಿನ ಹಕ್ಕಿದ್ದೂ ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಿ ಸೇರಿಸುವುದು.

ವೆಲಾಸ್ಕೆಸ್ ಅವರ ಬುದ್ಧಿ ಇದ್ದದ್ದು ಎಲ್ಲಿ ಗೊತ್ತಾ? ಅವರು ಅಧ್ಯಕ್ಷರ ಚುನಾವಣೆಯ ಮಾತಿನಿಂದ ಶುರುಮಾಡಲಿಲ್ಲ. ನಿಮ್ಮ ಬೀದಿಗೆ ಟಾರು ಹಾಕಿದ್ದಾರಾ, ಚರಂಡಿ ಇದೆಯಾ, ಮಕ್ಕಳ ಶಾಲೆ ಹೇಗಿದೆ ಅಂತ ಶುರುಮಾಡಿದರು. ವಾಷಿಂಗ್ಟನ್ ದೂರ. ಮನೆ ಮುಂದೆ ನಿಂತ ನೀರು ಹತ್ತಿರ. ಆ ನೀರಿಗೆ ಯಾರು ಜವಾಬ್ದಾರರು, ಅವರನ್ನು ಆರಿಸುವವರು ಯಾರು ಅಂತ ಕೇಳಿದರೆ ಓಟಿನ ಬೆಲೆ ತಾನಾಗಿ ಅರ್ಥವಾಗುತ್ತದೆ.

ಇದು ಬರೀ ಮಾತಲ್ಲ. ಸ್ಯಾನ್ ಆಂಟೋನಿಯೊದ ಪಶ್ಚಿಮ ಭಾಗದಲ್ಲಿ ಬಡ ಮೆಕ್ಸಿಕನ್ ಅಮೆರಿಕನ್ನರ ಬಡಾವಣೆಗಳಿವೆ. ಅಲ್ಲಿ ಜೋರು ಮಳೆ ಬಂದಾಗಲೆಲ್ಲ ಮನೆಗಳಿಗೆ ನೀರು ನುಗ್ಗುತ್ತಿತ್ತು. ಅದೇ 1974ರಲ್ಲಿ ಅಲ್ಲಿನ ಚರ್ಚುಗಳ ಭಕ್ತರು ಸೇರಿ ಕಾಪ್ಸ್ ಅನ್ನುವ ಸಂಘಟನೆ ಕಟ್ಟಿದರು. ನಗರಸಭೆಯ ಹಳೇ ಕಾಗದ ಪತ್ರ ತೆಗೆದು ನೋಡಿದರೆ, ಆ ಕಡೆಯ ಒಂದು ಮಳೆನೀರು ಕಾಲುವೆಗೆ 1945ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಸುಮಾರು ಮೂವತ್ತು ವರ್ಷ ಕಳೆದರೂ ಕಾಲುವೆ ಆಗಿರಲಿಲ್ಲ. ಜನ ಕೌನ್ಸಿಲ್ ಸಭೆಗೆ ನುಗ್ಗಿ ಕೇಳಿದರು. ಆ ವರ್ಷವೇ ಚರಂಡಿ, ಕಾಲುವೆಗಳಿಗೆ ಕೋಟಿಗಟ್ಟಲೆ ಡಾಲರ್ ಸಾಲ ಎತ್ತುವ ಪ್ರಸ್ತಾಪ ಮತಕ್ಕೆ ಬಂತು, ಪಾಸಾಯಿತು. ಮೂವತ್ತು ವರ್ಷ ಸುಮ್ನೆ ಬಿದ್ದಿದ್ದ ಫೈಲು ಅದು.

ಇಷ್ಟು ವರ್ಷ ಯಾಕೆ ಯಾರೂ ಕೇಳಿರಲಿಲ್ಲ? ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಬರೀ ಪಟ್ಟಿಗೆ ಹೆಸರು ಸೇರಿಸಿದರೆ ದನಿ ಬರುವುದಿಲ್ಲ. ಸ್ಯಾನ್ ಆಂಟೋನಿಯೊದಲ್ಲಿ ಆಗ ವಾರ್ಡುಗಳೇ ಇರಲಿಲ್ಲ. ಇಡೀ ನಗರವೇ ಒಂದು ಕ್ಷೇತ್ರ. ಪ್ರತಿ ಕೌನ್ಸಿಲರ್ ಅನ್ನೂ ಇಡೀ ನಗರ ಆರಿಸುತ್ತಿತ್ತು. ಬೆಂಗಳೂರಲ್ಲಿ ವಾರ್ಡುಗಳನ್ನೆಲ್ಲ ತೆಗೆದು, ಎಲ್ಲ ಕಾರ್ಪೊರೇಟರುಗಳನ್ನೂ ಇಡೀ ಬೆಂಗಳೂರು ಓಟು ಹಾಕಿ ಆರಿಸಲಿ ಅಂದರೆ ಹೇಗಿರುತ್ತದೆ, ಯೋಚಿಸಿ. ದುಡ್ಡಿರುವ ಬಡಾವಣೆಯವರು, ದುಡ್ಡು ಖರ್ಚು ಮಾಡಬಲ್ಲವರು ಮಾತ್ರ ಗೆಲ್ಲುತ್ತಾರೆ. ಕೊಳಗೇರಿಯವರು ಎಷ್ಟು ಒಟ್ಟಾಗಿ ಓಟು ಹಾಕಿದರೂ ಅದು ಸಮುದ್ರಕ್ಕೆ ಸುರಿದ ಚೊಂಬು ನೀರು.

1975ರಲ್ಲಿ ಅಮೆರಿಕದ ಮತದಾನ ಹಕ್ಕುಗಳ ಕಾಯ್ದೆಯನ್ನು ಭಾಷಾ ಅಲ್ಪಸಂಖ್ಯಾತರಿಗೂ ವಿಸ್ತರಿಸಿದರು. ಟೆಕ್ಸಸ್ ಅದರ ಹಿಡಿತಕ್ಕೆ ಬಂತು. ಮಾಲ್ಡೆಫ್ ಅನ್ನುವ ಕಾನೂನು ನೆರವಿನ ಸಂಸ್ಥೆ ಇದಕ್ಕಾಗಿ ತುಂಬಾ ದುಡಿದಿತ್ತು. ಕೇಂದ್ರ ಸರ್ಕಾರದ ನ್ಯಾಯ ಇಲಾಖೆ ಸ್ಯಾನ್ ಆಂಟೋನಿಯೊದ ಪದ್ಧತಿಗೆ ಆಕ್ಷೇಪ ಎತ್ತಿತು. 1977ರಲ್ಲಿ ಊರು 10 ವಾರ್ಡುಗಳಾಯಿತು. ಮೊದಲ ಚುನಾವಣೆಯಲ್ಲೇ ಮೆಕ್ಸಿಕನ್ ಅಮೆರಿಕನ್ನರು ಮತ್ತು ಕಪ್ಪು ಜನರು ಸೇರಿ ಕೌನ್ಸಿಲಿನಲ್ಲಿ ಬಹುಮತವಾದರು. 1981ರಲ್ಲಿ ಹೆನ್ರಿ ಸಿಸ್ನೆರೊಸ್ ಮೇಯರ್ ಆದರು. ಮೆಕ್ಸಿಕೊ ಮೂಲದವರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು 1840ರ ದಶಕದ ನಂತರ ಅದೇ ಮೊದಲು.

ವೆಲಾಸ್ಕೆಸ್ ಅವರ ಸಂಸ್ಥೆ ಈ ಪಾಠವನ್ನು ಊರೂರಿಗೆ ಒಯ್ದಿತು. ಮೊದಲು ಲೆಕ್ಕ: ಇಲ್ಲಿ ಹಕ್ಕಿರುವವರು ಎಷ್ಟು, ಪಟ್ಟಿಯಲ್ಲಿರುವವರು ಎಷ್ಟು, ಕ್ಷೇತ್ರದ ಗೆರೆ ಹೇಗೆ ಎಳೆದಿದ್ದಾರೆ. ಗೆರೆಯಲ್ಲಿ ಮೋಸವಿದ್ದರೆ ಮಾಲ್ಡೆಫ್ ಜೊತೆ ಕೋರ್ಟಿಗೆ. ಆಮೇಲೆ ಊರಿನವರಿಗೇ ತರಬೇತಿ. ಹೊರಗಿನವರು ಬಂದು ಬಾಗಿಲು ತಟ್ಟುವುದಕ್ಕೂ ಪಕ್ಕದ ಬೀದಿಯ ಪರಿಚಯದವರು ತಟ್ಟುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? 1988ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ವೆಲಾಸ್ಕೆಸ್ ಅವರಿಗೆ ಬರೀ 44 ವರ್ಷ. ಆ 14 ವರ್ಷದಲ್ಲಿ ಪಟ್ಟಿಯಲ್ಲಿದ್ದ ಲ್ಯಾಟಿನೊ ಮತದಾರರ ಸಂಖ್ಯೆ ಹತ್ತಿರ ಹತ್ತಿರ ಎರಡರಷ್ಟಾಗಿತ್ತು. 1995ರಲ್ಲಿ ಅಧ್ಯಕ್ಷ ಕ್ಲಿಂಟನ್, ವೆಲಾಸ್ಕೆಸ್ ಅವರಿಗೆ ಮರಣೋತ್ತರವಾಗಿ ದೇಶದ ಅತಿ ದೊಡ್ಡ ನಾಗರಿಕ ಗೌರವ ಕೊಟ್ಟರು.

ಈ ಸಾಲಿನಲ್ಲಿ ಏನಿಲ್ಲ ಅನ್ನುವುದೂ ಮುಖ್ಯ. ಯಾರಿಗೆ ಓಟು ಅಂತ ಅದರಲ್ಲಿ ಇಲ್ಲ. ಅದು ಬೇಕೆಂದೇ ಹಾಗಿದೆ. ಅಮೆರಿಕದ ತೆರಿಗೆ ಕಾನೂನಿನಲ್ಲಿ ಇಂಥ ದತ್ತಿ ಸಂಸ್ಥೆಗಳಿಗೆ ವಿನಾಯಿತಿ ಸಿಗುತ್ತದೆ, ಆದರೆ 1954ರಿಂದ ಒಂದು ಕಟ್ಟುಪಾಡಿದೆ: ಯಾವ ಅಭ್ಯರ್ಥಿಯ ಪರವಾಗಿಯೂ, ವಿರುದ್ಧವಾಗಿಯೂ ಕೆಲಸ ಮಾಡಬಾರದು. 1969ರಲ್ಲಿ ಇನ್ನೂ ಬಿಗಿಯಾಯಿತು. ದೊಡ್ಡ ಫೌಂಡೇಷನ್ನುಗಳು ಮತದಾರರ ನೋಂದಣಿಗೆಂದೇ ದುಡ್ಡು ಕೊಡಬೇಕಾದರೆ, ಪಡೆಯುವ ಸಂಸ್ಥೆ ಪಕ್ಷಾತೀತವಾಗಿರಬೇಕು, ಕನಿಷ್ಠ ಐದು ರಾಜ್ಯಗಳಲ್ಲಿ ಕೆಲಸ ಮಾಡಬೇಕು, ಒಂದೇ ಚುನಾವಣೆಗೆ ಸೀಮಿತವಾಗಿರಬಾರದು. ‘ಸೌತ್‌ವೆಸ್ಟ್’ ಅಂತ ಹೆಸರಿಟ್ಟುಕೊಂಡು ಟೆಕ್ಸಸ್ ಆಚೆಗೂ ಕೈಚಾಚುವುದಕ್ಕೆ ಇಂಥ ನಿಯಮವೂ ಒಂದು ಕಾರಣವಾಗುತ್ತದೆ. ನನಗೆ ಈ ಕಟ್ಟುಪಾಡು ಒಳ್ಳೆಯದೇ ಅನ್ನಿಸುತ್ತದೆ. ಬಾಗಿಲು ತಟ್ಟಿದವರು ಪಕ್ಷದವರಲ್ಲ ಅಂತ ಗೊತ್ತಾದ ಮೇಲೆ ಜನ ಒಳಗೆ ಕರೆದು ಕೂರಿಸುತ್ತಾರೆ.

ದನಿ ಅಂದಮೇಲೆ ಭಾಷೆಯೂ ಬರಬೇಕು. 1975ರ ಅದೇ ತಿದ್ದುಪಡಿಯ ಫಲವಾಗಿ, ಇಂಗ್ಲಿಷ್ ಚೆನ್ನಾಗಿ ಬಾರದ ಮತದಾರರು ಒಂದು ಮಿತಿಗಿಂತ ಜಾಸ್ತಿ ಇರುವ ಕಡೆ ಮತಪತ್ರ, ಸೂಚನೆ ಎಲ್ಲವೂ ಅವರ ಭಾಷೆಯಲ್ಲೂ ಇರಬೇಕು. ಸ್ಪ್ಯಾನಿಷ್‌ಗೆ ಇದರಿಂದ ಜಾಸ್ತಿ ಅನುಕೂಲವಾಯಿತು. ಈ ದಾರಿಯಲ್ಲೇ ನಮ್ಮ ಕಡೆಯ ಭಾಷೆಯೊಂದೂ ಬಂತು: ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ 2013ರಿಂದ ಮತಪತ್ರದ ಮೇಲೆ ಬಂಗಾಳಿ ಇದೆ.

ಟೆಕ್ಸಸ್‌ನಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿ. ಬೇರೆಯವರ ಫಾರಂ ತೆಗೆದುಕೊಳ್ಳಬೇಕಾದರೆ ಕಾರ್ಯಕರ್ತರು ಮೊದಲು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಯಿಂದ ನೇಮಕವಾಗಬೇಕು. ಒಂದು ಕೌಂಟಿಯ ನೇಮಕ ಪಕ್ಕದ ಕೌಂಟಿಯಲ್ಲಿ ನಡೆಯುವುದಿಲ್ಲ. ಸಮ ಸಂಖ್ಯೆಯ ವರ್ಷದ ಡಿಸೆಂಬರ್ 31ಕ್ಕೆ ಅದರ ಅವಧಿ ಮುಗಿಯುತ್ತದೆ, ಮತ್ತೆ ಹೊಸದಾಗಿ ಆಗಬೇಕು. ಸಂತೆಯ ಬದಿಯಲ್ಲೋ ಗ್ರಂಥಾಲಯದ ಮುಂದೋ ಮಡಚುವ ಮೇಜು. ಮೇಲೆ ಫಾರಂ, ದಾರ ಕಟ್ಟಿದ ಪೆನ್ನು, ನೀರಿನ ಬಾಟಲಿ. ಬಂದವರಿಗೆ ‘ಸೆನ್ಯೋರಾ, ನಿಮ್ಮ ಹೆಸರು ಪಟ್ಟಿಯಲ್ಲಿದೆಯಾ?’ ಅಂತ ಕೇಳುತ್ತಾರೆ. ಮನೆ ಬದಲಿಸಿದ್ದೀರಾ? ಮಗನಿಗೆ ಹದಿನೆಂಟು ತುಂಬಿತಾ? ಈ ಕೊನೆಯ ಪ್ರಶ್ನೆ ತುಂಬಾ ಮುಖ್ಯ. ವರ್ಷಕ್ಕೆ ಸುಮಾರು 14 ಲಕ್ಷ ಲ್ಯಾಟಿನೊಗಳಿಗೆ ಹೊಸದಾಗಿ ಓಟಿನ ಹಕ್ಕು ಬರುತ್ತದೆ, ಅದರಲ್ಲಿ ಹೆಚ್ಚಿನವರು ಅಲ್ಲೇ ಹುಟ್ಟಿ ಹದಿನೆಂಟಕ್ಕೆ ಕಾಲಿಟ್ಟ ಮಕ್ಕಳು. ಅಂಥವರ ಹತ್ತಿರ ಮಾತಾಡುವಾಗ ಎಷ್ಟೋ ಸಂಸ್ಥೆಗಳು ‘ಸು’ ಬಿಟ್ಟು ‘ತು’ ಬಳಸುತ್ತವೆ: ತು ವೋತೊ ಎಸ್ ತು ವೋಸ್. ಅಜ್ಜಿಗೆ ನಿಮ್ಮ, ಮೊಮ್ಮಗಳಿಗೆ ನಿನ್ನ.

ಸಹಿ ಆದಮೇಲೆ ಕಾರ್ಯಕರ್ತೆ ರಸೀದಿ ಬರೆದು ಕೊಡಬೇಕು. ಅದು ಕಾನೂನು. ಫಾರಂ ಐದು ದಿನದೊಳಗೆ ಕೌಂಟಿ ಕಚೇರಿಗೆ ಮುಟ್ಟಬೇಕು. ಹಿಂದೆ ಇದೇ ರಾಜ್ಯದಲ್ಲಿ ಓಟಿಗಾಗಿ ದುಡ್ಡು ಕಟ್ಟಿ ರಸೀದಿ ಪಡೆಯುತ್ತಿದ್ದರು. ಈ ರಸೀದಿಗೆ ದುಡ್ಡು ಕೊಡಬೇಕಾಗಿಲ್ಲ. ಅಜ್ಜಿ ಅದನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಳ್ಳುತ್ತಾರೆ, ಕಾರ್ಯಕರ್ತೆ ಹಿಂದಿನವರಿಗೆ ಪೆನ್ನು ಕೊಡುತ್ತಾರೆ.