ಡ್ರಾಫ್ಟಿಂಗ್ ಅಂದರೆ ಎಲೆ ಹಂಚುವುದಲ್ಲ

ಮೈಸೂರಿನಲ್ಲಿ ಬೋರ್ಡ್ ಗೇಮ್ ಆಡುವವರು ಜಾಸ್ತಿಯಾಗಿದ್ದಾರೆ. ಖುಷಿಯ ವಿಷಯ. ಆದರೆ ವಾಟ್ಸಾಪ್ ಗುಂಪುಗಳಲ್ಲಿ ಇಸ್ಪೀಟಿನಂಥ ಎಲೆ ಇರುವ ಆಟಕ್ಕೆಲ್ಲ ‘ಡ್ರಾಫ್ಟಿಂಗ್’ ಅನ್ನುತ್ತಿದ್ದಾರೆ. ಮೊನ್ನೆ ರಮ್ಮಿಗೂ ಅದೇ ಹೆಸರು ಬಿತ್ತು. ಇನ್ನು ಸುಮ್ನಿರಲು ಆಗುವುದಿಲ್ಲ.

ಡ್ರಾಫ್ಟಿಂಗ್‌ನಲ್ಲಿ ಎಲ್ಲರಿಗೂ ಬೇಕಾದ ಎಲೆಗಳಿಂದ ಒಂದನ್ನು ನೋಡಿ ಆರಿಸುತ್ತೀರಿ, ಉಳಿದದ್ದನ್ನು ಬೇರೆಯವರಿಗೆ ಬಿಡುತ್ತೀರಿ. ಎಲೆಗಳು ಮೇಜಿನ ನಡುವೆ ತೆರೆದಿರಬಹುದು, ಅಥವಾ ಕೈಯಿಂದ ಕೈಗೆ ದಾಟಬಹುದು. ರಮ್ಮಿಯಲ್ಲಿ ಮುಚ್ಚಿದ ಕಟ್ಟಿನಿಂದ ಎಳೆದರೆ ಏನು ಬರುತ್ತದೋ ಗೊತ್ತಿಲ್ಲ. ತೆರೆದಿರುವುದು ಒಂದೇ ಎಲೆ. ಆರಿಸಲು ಅಲ್ಲೇನಿದೆ?

ಗಂಜೀಫಾ ಎಂಬ ಹಳೆಯ ಚಿತ್ರದೆಲೆಗಳ ಆಟವನ್ನೂ ಇದಕ್ಕೆ ಸೇರಿಸುವವರಿದ್ದಾರೆ. ನಮ್ಮೂರಿನ ಹೆಮ್ಮೆ ಅದು, ಒಪ್ಪಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 360 ಎಲೆಗಳ ಕಟ್ಟನ್ನೂ ರೂಪಿಸಿದ್ದರು. ಆದರೆ ದಶಾವತಾರ ಗಂಜೀಫಾದಲ್ಲಿ 120 ಎಲೆಗಳನ್ನು ಮೊದಲೇ ಹಂಚಿ, ಆಮೇಲೆ ಸುತ್ತು ಸುತ್ತಿಗೂ ದೊಡ್ಡ ಎಲೆ ಇಳಿಸಿ ಪಟ್ಟು ಗೆಲ್ಲುತ್ತಾರೆ. ಹಂಚಿದ ಎಲೆಯಲ್ಲಿ ನಿಮ್ಮ ಆಯ್ಕೆ ಇಲ್ಲ.

ಡ್ರಾಫ್ಟಿಂಗ್ ಜೊತೆ ‘ಫ್ಯಾಂಟಸಿ’ ಅನ್ನುವ ಪದ ಸೇರಿದರಂತೂ ಗೊಂದಲ ಇನ್ನೂ ಜಾಸ್ತಿ. ಬೋರ್ಡ್ ಗೇಮಿನ ಫ್ಯಾಂಟಸಿ ಅಂದರೆ ಮಾಂತ್ರಿಕರು, ಡ್ರ್ಯಾಗನ್‌ಗಳು, ರಾಕ್ಷಸರ ಲೋಕ. ನಮ್ಮ ಜನಕ್ಕೆ ಮೊದಲು ನೆನಪಾಗುವುದು ಮೊಬೈಲಿನ ಕ್ರಿಕೆಟ್ ತಂಡ. ಆ ಆ್ಯಪ್‌ಗಳಲ್ಲಿ ಒಬ್ಬನೇ ಬ್ಯಾಟರ್‌ನನ್ನು ಲಕ್ಷ ಜನ ಆರಿಸಬಹುದು. ನಾನು ತೆಗೆದುಕೊಂಡೆ ಅಂತ ನಿಮಗೆ ಅವನು ತಪ್ಪುವುದಿಲ್ಲ. ಹಾಗಾಗಿ ಅದು ಡ್ರಾಫ್ಟ್ ಅಲ್ಲ. ಐಪಿಎಲ್ ಹರಾಜಿನಲ್ಲಿ ತಪ್ಪುತ್ತಾನೆ, ಆದರೆ ಅಲ್ಲಿ ತೀರ್ಮಾನ ದುಡ್ಡಿನದು. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 1936ರಲ್ಲಿ ಶುರು ಮಾಡಿದ ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯಂತೆ ಒಬ್ಬೊಬ್ಬನನ್ನೇ ಆರಿಸುತ್ತವೆ. ಮೈದಾನದಲ್ಲಿ ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಕರೆದು ತಂಡ ಕಟ್ಟುತ್ತಾರಲ್ಲ, ಹಾಗೆ.

2008ರ ‘ಡೊಮಿನಿಯನ್’ ಎಂಬ ಎಲೆಯಾಟ ಬೇರೆ ಜಾತಿ. ಅದು ಡೆಕ್ ಬಿಲ್ಡಿಂಗ್. ಆಡುತ್ತಾ ಆಡುತ್ತಾ ಎಲೆ ಕೊಂಡು ನಿಮ್ಮದೇ ಕಟ್ಟು ಬೆಳೆಸುತ್ತೀರಿ.

ಡ್ರಾಫ್ಟಿಂಗನ್ನು ಹತ್ತಿರದಿಂದ ನೋಡಬೇಕೆಂದರೆ ‘ಮ್ಯಾಜಿಕ್: ದಿ ಗ್ಯಾದರಿಂಗ್’ ನೋಡಿ. 1993ರ ಈ ಫ್ಯಾಂಟಸಿ ಆಟದ ಹಳೆಯ ಡ್ರಾಫ್ಟ್ ಪದ್ಧತಿಯಲ್ಲಿ ಎಂಟು ಜನ, ಒಬ್ಬೊಬ್ಬರ ಕೈಯಲ್ಲಿ 15 ಎಲೆಯ ಕಟ್ಟು. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸಬೇಕು. ಎಲೆಗಳಿಗೆ ಬೇರೆ ಬೇರೆ ಬಣ್ಣ, ಸಾಮಾನ್ಯವಾಗಿ ಒಬ್ಬೊಬ್ಬರು ಒಂದೆರಡು ಬಣ್ಣ ಹಿಡಿಯುತ್ತಾರೆ. ನೀವು ಡ್ರ್ಯಾಗನ್ ಇಟ್ಟುಕೊಂಡಿರಿ, ಒಂದು ಒಳ್ಳೆಯ ನೀಲಿ ಮಂತ್ರ ಬಿಟ್ಟಿರಿ. ಕಟ್ಟು ಸುತ್ತು ಹಾಕಿ ನಿಮಗೇ ಮರಳಿದಾಗ ಏಳು ಎಲೆ ಉಳಿದಿರುತ್ತವೆ. ಆ ಮಂತ್ರ ಇನ್ನೂ ಅಲ್ಲೇ ಇದ್ದರೆ, ಮೇಜಿನಲ್ಲಿ ನೀಲಿ ಬಣ್ಣ ಹಿಡಿದವರು ಕಡಿಮೆ ಎಂದು ತಿಳಿಯಬಹುದು. ಯಾರೂ ಬಾಯಿ ಬಿಡದೆ ಸಿಕ್ಕ ಸುದ್ದಿ ಅದು. ಹಂಚಿ ಆಡುವ ಆಟದಲ್ಲಿ ಈ ಸುಖ ಎಲ್ಲಿದೆ?

ದೊಡ್ಡ ಗುಂಪಿಗೆ ಹೀಗೆ ಕೈಯಿಂದ ಕೈಗೆ ದಾಟಿಸುವ ಡ್ರಾಫ್ಟಿಂಗ್ ಒಗ್ಗುವುದು ಎಲ್ಲರೂ ಒಟ್ಟಿಗೇ ಆರಿಸುವುದರಿಂದ. 2010ರ ‘ಸೆವೆನ್ ವಂಡರ್ಸ್’ ಅಂಥದ್ದೇ ಆಟ, ಏಳು ಜನ ಕೂತರೂ ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಸರದಿಗೆ ಕಾಯುತ್ತಾ ಫೋನ್ ನೋಡುವವರು ಇರುವುದಿಲ್ಲ.

ತಂಡ ಕಟ್ಟಿ ಆಡುವಾಗ ಮಾತ್ರ ಕೂರುವ ಜಾಗ ಬಹಳ ಮುಖ್ಯ. ಜೊತೆಗಾರರನ್ನು ಅಕ್ಕಪಕ್ಕ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಬಿಟ್ಟ ಎಲೆ ನಿಮ್ಮವರಿಗೇ ಹೋದರೆ ಬಿಡುವ ಸಂಕಟವೇ ಇರುವುದಿಲ್ಲ. ಮೂವರು ಮೂವರ ಮ್ಯಾಜಿಕ್ ತಂಡ ಡ್ರಾಫ್ಟ್‌ನಲ್ಲಿ ಒಬ್ಬರು ಬಿಟ್ಟು ಒಬ್ಬರು ಕೂರುತ್ತಾರೆ, ಹಾಗಾಗಿ ದಾಟಿಸಿದ್ದೆಲ್ಲ ಎದುರಾಳಿಗೇ ಹೋಗುತ್ತದೆ. ಆಗ ನಿಮಗೆ ಬೇಡದ ಎಲೆಯನ್ನೂ ಅವರಿಗೆ ಸಿಗಬಾರದೆಂದು ಇಟ್ಟುಕೊಳ್ಳಬೇಕಾಗುತ್ತದೆ. ಆಡುವವರು ಇದನ್ನು ‘ಹೇಟ್ ಡ್ರಾಫ್ಟ್’ ಅನ್ನುತ್ತಾರೆ. ಮೋಸ ಅಲ್ಲ, ಆಟದ ಜೀವವೇ ಅದು. ಎಲೆ ಆರಿಸುವಾಗ ಜೊತೆಗಾರರು ಮಾತಾಡಬಹುದೋ ಇಲ್ಲವೋ ಅನ್ನುವುದನ್ನು ಮಾತ್ರ ಕಟ್ಟು ಬಿಚ್ಚುವ ಮೊದಲೇ ತೀರ್ಮಾನಿಸಿಕೊಳ್ಳಿ.