ಲಡ್ಡು ಹಿಡಿದ ಮರ ಮೊದ್ಲು ಸಾಲ ಎತ್ತುತ್ತೆ

ನಮ್ಮ ಮಾವ ಒಂದ್ಸಲ ಸಾಮಿಲ್ಲಲ್ಲಿ ಪುಕ್ಕಟೆ ಸಿಕ್ತು ಅಂತ ನಾಲ್ಕು ಚೀಲ ಮರದ ಹೊಟ್ಟು ತಂದು ಬೆಂಡೆ ಸಾಲಿನ ಮಣ್ಣಿಗೆ ಕಲಸಿಬಿಟ್ರು, ಸ್ವಲ್ಪ ದಿನಕ್ಕೆ ಗಿಡ ಎಲ್ಲಾ ಹಳದಿ. ಗೊಬ್ಬರ ಹಾಕಿದ್ರೆ ಗಿಡ ಸೊರಗೋದಾ ಅಂತ ಅವ್ರಿಗೆ ತಲೆಬಿಸಿ. ಕಾಡಲ್ಲಿ ಬಿದ್ದು ಲಡ್ಡು ಹಿಡಿಯೋ, ಅಂದ್ರೆ ಕೊಳೆಯೋ ದಿಮ್ಮಿದೂ ಇದೇ ಕಥೆ.

ಕಟ್ಟಿಗೆ ಅನ್ನೋದು ಊಟದ ಲೆಕ್ಕದಲ್ಲಿ ಭಾರಿ ಬಡ ಪದಾರ್ಥ. ಒಳ್ಳೆ ಕಾಂಪೋಸ್ಟ್ ಆಗ್ಬೇಕಂದ್ರೆ 1 ಪಾಲು ಸಾರಜನಕಕ್ಕೆ 25-30 ಪಾಲು ಇಂಗಾಲ ಇರ್ಬೇಕು ಅಂತಾರೆ, ಮರದಲ್ಲಿ ಅದು ನೂರಾರು ಪಾಲು. ಸಿರ್ಸಿ ಕಡೆ ಬೆಟ್ಟದಿಂದ ಸೊಪ್ಪು, ದರಕು (ಒಣಗಿದ ಎಲೆ) ಹೊತ್ತು ತರ್ತಾರೆ ಹೊರತು ಅಡಿಕೆ ಬುಡಕ್ಕೆ ದಿಮ್ಮಿ ತಂದು ಹಾಕಿದವ್ರನ್ನ ನಾನಂತೂ ನೋಡಿಲ್ಲ. ಕಾಡಿನ ಮಣ್ಣಿಗೂ ವರ್ಷವರ್ಷ ಪೋಷಕಾಂಶ ವಾಪಸ್ ಬರೋದು ಜಾಸ್ತಿ ಎಲೆಯಿಂದ, ಸಣ್ಣ ಬೇರಿಂದ.

ಹಾಗಾದ್ರೆ ಮರ ಯಾಕೆ ಬೇಕು? ಮರ ತಿನ್ನೋಕೆ ಬರೋ ಶಿಲೀಂಧ್ರಕ್ಕೆ ಅದರಲ್ಲಿ ಸಕ್ಕರೆ ಬೇಕಾದಷ್ಟಿದೆ, ಮೈ ಕಟ್ಟೋಕೆ ಬೇಕಾದ ಸಾರಜನಕ, ರಂಜಕ ಇಲ್ಲ, ಅದಕ್ಕೆ ಅದು ತನ್ನ ದಾರದಂಥ ಎಳೆಗಳನ್ನ ಸುತ್ತಲ ಮಣ್ಣಿಗೆ, ತರಗೆಲೆಗೆ ಹಬ್ಬಿಸಿ ಅಲ್ಲಿಂದ ಎಳ್ಕೊಂಡು ಬಂದು ಮರದೊಳಗೆ ತುಂಬುತ್ತೆ. ಅಂದ್ರೆ ಶುರುವಿನ ವರ್ಷಗಳಲ್ಲಿ ದಿಮ್ಮಿ ಮಣ್ಣಿಗೆ ಕೊಡೋದಿಲ್ಲ, ಮಣ್ಣಿಂದ ಸಾಲ ತಗೊಳ್ಳುತ್ತೆ (ಮಾವನ ಬೆಂಡೆಗೆ ಆಗಿದ್ದೂ ಅದೇ, ಗಿಡದ ಪಾಲಿನ ಸಾರಜನಕ ಹೊಟ್ಟು ತಿನ್ನೋ ಸೂಕ್ಷ್ಮಜೀವಿಗಳ ಹೊಟ್ಟೆ ಸೇರ್ತು). ಜೊತೆಗೆ ಕೆಲವು ಬ್ಯಾಕ್ಟೀರಿಯಾ ಗಾಳಿಯಲ್ಲಿರೋ ಸಾರಜನಕಾನೂ ಹಿಡಿದು ಅಲ್ಲೇ ಸೇರಿಸ್ತವೆ. ಮಲೆನಾಡಲ್ಲಿ ಜೂನ್-ಜುಲೈ ಮಳೆಗೆ ಮಣ್ಣಲ್ಲಿರೋ ಸಾರ ತೊಳೆದು ಹೊಳೆಗೆ ಹೋಗೋದು ಗೊತ್ತಲ್ಲ, ಆಗ ಹೀಗೆ ಕಟ್ಟಿಟ್ಟ ಗಂಟು ಅಷ್ಟು ಸುಲಭಕ್ಕೆ ಕೊಚ್ಚಿ ಹೋಗಲ್ಲ. ಸಾಲ ತೀರೋದು ನಿಧಾನ, ದಪ್ಪ ಮರ ಆದ್ರೆ ದಶಕಗಳೇ ಬೇಕು.

ಲಡ್ಡು ಮರ ಕೈಯಲ್ಲಿ ಪುಡಿ ಮಾಡಿ ನೋಡಿ. ಬಿಳಿಯಾಗಿ ನಾರುನಾರಾಗಿ ಬಂದ್ರೆ ಲಿಗ್ನಿನ್ ಅನ್ನೋ ಗಟ್ಟಿ ಅಂಟನ್ನೂ ತಿನ್ನೋ ಜಾತಿ ಶಿಲೀಂಧ್ರದ ಕೆಲಸ. ಕಂದು ಬಣ್ಣಕ್ಕೆ ತಿರುಗಿ ಚೌಕಚೌಕ ಒಡೆದಿದ್ರೆ ಸೆಲ್ಯುಲೋಸ್ ಅನ್ನೋ ನಾರು ಮಾತ್ರ ತಿಂದು ಲಿಗ್ನಿನ್ ಬಿಟ್ಟೋದ ಇನ್ನೊಂದು ಜಾತಿ. ಅಷ್ಟೊತ್ತಿಗೆ ದಿಮ್ಮಿ ಸ್ಪಂಜಿನ ಥರ ನೀರು ಕುಡಿದಿರುತ್ತೆ, ಮೇಲೆ ಪಾಚಿ, ಪಾಚಿ ಮೇಲೆ ಸಣ್ಣ ಸಸಿ.

ಶಿಲೀಂಧ್ರಗಳಷ್ಟೇ ಅಲ್ಲ. 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು, 6 ಖಂಡಗಳ 55 ಕಡೆ ಕಾಡಲ್ಲಿ ಮರದ ತುಂಡು ಇಟ್ಟು, ಕೆಲವಕ್ಕೆ ಹುಳ ಹೋಗದ ಹಾಗೆ ಬಲೆ ಕಟ್ಟಿ ನೋಡಿದ್ರು. ಸತ್ತ ಮರಗಳಿಂದ ವರ್ಷಕ್ಕೆ ಸುಮಾರು 1,090 ಕೋಟಿ ಟನ್ ಇಂಗಾಲ ಹೊರಗೆ ಬರುತ್ತೆ, ಅದರಲ್ಲಿ 29% ಹುಳಗಳ ಲೆಕ್ಕಕ್ಕೆ ಅನ್ನೋದು ಅವ್ರ ಅಂದಾಜು.

ನಮ್ಮ ಕಡೆ ಹುಳ ಅಂದ್ರೆ ಮೊದ್ಲು ಗೆದ್ದಲು. ಮನೆ ಜಂತಿ ತಿಂದಾಗ ಬೈತೀವಿ, ಸರಿನೇ. ಆದ್ರೆ ಹುತ್ತ ಕಟ್ಟೋ ನಮ್ಮ ಗೆದ್ದಲು ಮರಾನ ಪೂರ್ತಿ ತಾನೇ ಅರಗಿಸಲ್ಲ, ಅಗಿದು ಗೂಡೊಳಗೆ ಹಾಸಿ ಅದ್ರ ಮೇಲೆ ಒಂದು ಅಣಬೆ ಬೆಳೆಸುತ್ತೆ, ಆಮೇಲೆ ಅದನ್ನ ತಿನ್ನುತ್ತೆ. ಮಳೆ ಹಿಡಿದ್ಮೇಲೆ ಹುತ್ತದ ಸುತ್ತ ಏಳೋ ಅಣಬೆ ಇದೆಯಲ್ಲ, ಬೆಳ್ಳಂಬೆಳಗ್ಗೆ ಬುಟ್ಟಿ ಹಿಡ್ಕೊಂಡು ಹೋಗಿ ಕಿತ್ತು ತಂದು ಸಾರು ಮಾಡ್ತೀವಲ್ಲ, ಅದೇ ಅದು. ಯಾವತ್ತೋ ಬಿದ್ದ ಮತ್ತಿ ಮರಾನೋ ನಂದಿ ಮರಾನೋ ಅವತ್ತು ನಮ್ಮ ತಟ್ಟೇಲಿ.