ಮಳೆ ಇಲ್ಲದ ದಿನದ ಮಳೆ ಸದ್ದು

ಮೂಡಿಗೆರೆ ಹತ್ತಿರ ನೆಂಟರ ತೋಟ. ಬೆಳಗಿನ ಜಾವ. ಮನೆ ಹಿಂದಿನ ಹಳ್ಳದ ಕಡೆಯಿಂದ ಶಿಳ್ಳೆ ಹಕ್ಕಿ ಹಾಡುತ್ತಿತ್ತು. ಮಲಬಾರ್ ವಿಸ್ಲಿಂಗ್ ಥ್ರಷ್ ಅಂತಾರಲ್ಲ, ಅದು. ಪುಂಡ ಹುಡುಗನೊಬ್ಬ ಶಿಳ್ಳೆ ಹಾಕುತ್ತಾ ನಡುವೆ ರಾಗ ಮರೆತು ಇನ್ನೇನೋ ಶುರು ಮಾಡಿದ ಹಾಗಿರುತ್ತದೆ ಅದರ ಹಾಡು. ಹೊಸದಾಗಿ ಕೊಂಡ ರೆಕಾರ್ಡರನ್ನು ಜಗಲಿ ಮೇಲಿಟ್ಟು 20 ನಿಮಿಷ ಕೆಮ್ಮನ್ನೂ ತಡೆದುಕೊಂಡು ಕೂತೆ. ಹಾಸನಕ್ಕೆ ವಾಪಸ್ ಬಂದು ಹೆಡ್‌ಫೋನ್ ಹಾಕಿ ಕೇಳಿದರೆ ಹಕ್ಕಿಯ ಹಿಂದೆ ಜಡಿಮಳೆ ಸುರಿಯುತ್ತಿದೆ! ಅವತ್ತು ಒಂದು ಹನಿಯೂ ಬಿದ್ದಿರಲಿಲ್ಲ.

ಆ ಮಳೆ ರೆಕಾರ್ಡರಿನ ಹೊಟ್ಟೆಯೊಳಗೇ ಇತ್ತು.

ಯಾವ ತಂತಿಯಲ್ಲೂ ಎಲೆಕ್ಟ್ರಾನುಗಳು ಸುಮ್ನೆ ಕೂರುವುದಿಲ್ಲ. ಒಂದಿಷ್ಟು ಬಿಸಿ ಇದ್ದರೆ ಸಾಕು, ಅತ್ತಿತ್ತ ಗುದ್ದಾಡುತ್ತಲೇ ಇರುತ್ತವೆ. ಈ ಗುದ್ದಾಟವನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ಸನ್ ಅಳೆದರು, ನೈಕ್ವಿಸ್ಟ್ ಅದರ ಲೆಕ್ಕ ಬಿಡಿಸಿದರು. ಇಬ್ಬರ ಬರಹವೂ 1928ರಲ್ಲಿ ಅಚ್ಚಾಯಿತು. ಮೈಕ್‌ನಿಂದ ಬರುವ ವಿದ್ಯುತ್ತು ತೀರಾ ಸಣ್ಣದು. ದೂರದ ಹಕ್ಕಿಯಾದರೆ ಅದನ್ನು ಸಾವಿರ ಪಟ್ಟು ಹಿಗ್ಗಿಸಬೇಕಾಗುತ್ತದೆ. ಹಿಗ್ಗಿಸುವ ಪ್ರೀಆಂಪ್‌ಗೆ ಹಕ್ಕಿ ಯಾವುದು, ಗುದ್ದಾಟ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿ ಹಿಗ್ಗಿಸುತ್ತದೆ. ಸ್‌ಸ್‌ಸ್ ಅನ್ನುವ ಮಳೆ ಬರುವುದು ಹೀಗೆ.

ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 24 ಬಿಟ್, 96 ಕಿಲೋಹರ್ಟ್ಸ್ ಅಂತ ಬರೆದಿರುತ್ತಾರೆ. ನಾನೂ ಅದನ್ನು ನೋಡಿಯೇ ಮರುಳಾದವನು. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ. ಡಬ್ಬಿಯ 96 ಅಂದರೆ ಸೆಕೆಂಡಿಗೆ 96 ಸಾವಿರ ಸಲ ಸದ್ದನ್ನು ಅಳೆಯುವುದು. ಕೇಳಬೇಕಾದ ಸದ್ದಿನ ಎರಡರಷ್ಟಕ್ಕಿಂತ ತುಸು ಜಾಸ್ತಿ ಇದ್ದರಾಯಿತು, ಹಾಗಾಗಿ ನಮಗೆ 48 ಧಾರಾಳ ಸಾಕು, 96 ಬೇಕಾಗುವುದು ಬಾವಲಿ ಹಿಂದೆ ಬಿದ್ದವರಿಗೆ. ಅವರಿಗೂ ಹಲವು ಸಲ ಸಾಲುವುದಿಲ್ಲ. ನೋಡಬೇಕಾದ ಅಂಕಿ ಬೇರೆ. ಇಕ್ವಿವಲೆಂಟ್ ಇನ್‌ಪುಟ್ ನಾಯ್ಸ್, ಚುಟುಕಾಗಿ ಇಐಎನ್. ಪ್ರೀಆಂಪ್‌ನ ಸ್ವಂತ ಸದ್ದು ಎಷ್ಟು ಅನ್ನುವ ಡೆಸಿಬೆಲ್ ಲೆಕ್ಕ. ಇದು ಮೈನಸ್‌ನಲ್ಲಿರುತ್ತದೆ, ಕೆಳಗೆ ಹೋದಷ್ಟೂ ಒಳ್ಳೆಯದು. ಮೈನಸ್ 130ರ ಆಸುಪಾಸಿನಲ್ಲಿ ನಿಸರ್ಗವೇ ಕಟ್ಟಿದ ಗೋಡೆ ಇದೆ, ಜಾನ್ಸನ್ ಅಳೆದ ಅದೇ ಗುದ್ದಾಟ. ಜೂಮ್ ಕಂಪನಿಯ ಎಫ್3 ಎನ್ನುವ ಅಂಗೈಯಗಲದ ಯಂತ್ರ ಮೈನಸ್ 127ಕ್ಕೆ ಇಳಿಯುತ್ತದೆ. ಅಗ್ಗದ ರೆಕಾರ್ಡರುಗಳ ಡಬ್ಬಿಯಲ್ಲಿ ಹುಡುಕಿದರೆ ಈ ಅಂಕಿಯೇ ಸಿಗದಿರುವುದು ಜಾಸ್ತಿ. ಹೇಳಿಕೊಳ್ಳುವಂತಿದ್ದರೆ ಹೇಳುತ್ತಿದ್ದರು, ಅಲ್ವಾ?

ಮೈಕ್‌ಗೂ ಅದರದೇ ಸದ್ದಿದೆ. ರೋಡ್ ಕಂಪನಿಯ ಎನ್‌ಟಿ1 ಮೈಕ್‌ನ ಸ್ವಂತ ಸದ್ದು 4.5 ಡೆಸಿಬೆಲ್, ಬಲು ಮೌನಿ. ಆದರೆ ಅದು ಸ್ಟುಡಿಯೋಗೆ ಅಂತ ಮಾಡಿದ ಗುಂಡಪ್ಪ. ಪ್ರಿಮೊ ಇಎಂ272 ಅನ್ನುವ ಗುಂಡಿಯಷ್ಟಿನ ಮೈಕ್ 14 ಡೆಸಿಬೆಲ್. ಹವ್ಯಾಸಿಗಳು ಇಂಥ ಎರಡನ್ನು ಮರದ ಕಾಂಡದ ಅತ್ತ ಒಂದು ಇತ್ತ ಒಂದು ಸಿಕ್ಕಿಸಿ ಕಾಡಿನ ಸ್ಟೀರಿಯೋ ಹಿಡಿಯುತ್ತಾರೆ. ಮಲೆನಾಡಿನಲ್ಲಿ ಇನ್ನೊಂದು ಕಾಟ ತೇವ. ಜೂನ್ ಜುಲೈನಲ್ಲಿ ಮೈಕ್ ಒಳಗೆ ತೇವ ಸೇರಿ ಚಟಪಟ ಅನ್ನಲು ಶುರು ಮಾಡುತ್ತದೆ. ಸೆನ್‌ಹೈಸರ್‌ನ ಎಂಕೆಎಚ್ ಮೈಕುಗಳು ಬೇರೆ ತತ್ವದಲ್ಲಿ ನಡೆಯುವುದರಿಂದ ತೇವ ತಡೆಯುತ್ತವೆ. ಬೆಲೆ ಕೇಳಿದರೆ ಮಾತ್ರ ನಮ್ಮ ಗಂಟಲು ಚಟಪಟ ಅನ್ನುತ್ತದೆ. ನಾನು ಸಿಲಿಕಾ ಜೆಲ್ ಹಾಕಿದ ಊಟದ ಡಬ್ಬಿಯಲ್ಲೇ ಕಾಲ ಹಾಕುತ್ತಿದ್ದೇನೆ.

ಕೊಟ್ಟಿಗೆಹಾರ ಅಂದರೆ ನೀರುದೋಸೆ ಅಂತ ನಮಗೆ ನೆನಪು. ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ಅಲ್ಲಿ ಗಾಡಿ ನಿಲ್ಲಿಸದವರು ಕಡಿಮೆ. ಆ ಊರಿನ ಹೆಸರಿನ ಕಪ್ಪೆಯೂ ಒಂದಿದೆ. ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಸಿ. ಆರ್. ನಾರಾಯಣ ರಾವ್ 1937ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಇದು ಕುಣಿಯುವ ಕಪ್ಪೆಗಳ ಕುಲ. ಗಂಡು ಹಳ್ಳದ ನಡುವೆ ಒದ್ದೆ ಕಲ್ಲಿನ ಮೇಲೆ ಕೂತು ಕೂಗುತ್ತದೆ, ಜೊತೆಗೆ ಹಿಂಗಾಲನ್ನು ಚಾಚಿ ಬೆರಳು ಬಿಡಿಸಿ ಬೀಸುತ್ತದೆ. ನೀರಿನ ಭೋರ್ಗರೆತದಲ್ಲಿ ಕೂಗು ಮುಳುಗಿಹೋಗುವುದರಿಂದ ಈ ಕಾಲು ಬೀಸುವ ಚಾಳಿ ಬಂದಿರಬಹುದು ಅನ್ನುತ್ತಾರೆ ಕಪ್ಪೆ ತಜ್ಞರು.

ಕಪ್ಪೆಯೇ ಸೋತ ಕಡೆ ರೆಕಾರ್ಡರ್ ಏನು ಮಾಡೀತು? ಹೊರಗಿನ ಗದ್ದಲಕ್ಕೆ ಇಐಎನ್ ಮದ್ದಲ್ಲ. ಅಲ್ಲಿರುವ ಉಪಾಯ ಒಂದೇ, ಹತ್ತಿರ ಹೋಗುವುದು. ಬಯಲಲ್ಲಿ ದೂರ ಅರ್ಧವಾದರೆ ಸದ್ದು 6 ಡೆಸಿಬೆಲ್ ಏರುತ್ತದೆ. 40 ಮೀಟರಿನಿಂದ 20ಕ್ಕೆ ನಡೆದರೆ 6, ಅಲ್ಲಿಂದ 10ಕ್ಕೆ ತೆವಳಿದರೆ ಇನ್ನೊಂದು 6. ದುಬಾರಿ ಯಂತ್ರಕ್ಕೆ ದುಡ್ಡು ಸುರಿದರೂ ಇಷ್ಟು ಲಾಭ ಸಿಗುವುದು ಕಷ್ಟ. ಗೂಡಿನ ಹತ್ತಿರ ಮಾತ್ರ ಈ ಶೌರ್ಯ ಬೇಡ. ಅಂಥ ಕಡೆ ಡಿಟಿಎಚ್ ಬುಟ್ಟಿಯಂಥ ಪ್ಯಾರಾಬೋಲಾ ತಟ್ಟೆ ಬಳಸುತ್ತಾರೆ. ಅದು ತನಗಿಂತ ಸಣ್ಣ ಅಲೆಗಳನ್ನಷ್ಟೇ ಚೆನ್ನಾಗಿ ಒಟ್ಟು ಮಾಡುತ್ತದೆ. 60 ಸೆಂಟಿಮೀಟರ್ ತಟ್ಟೆಗೆ ಸುಮಾರು 600 ಹರ್ಟ್ಸ್‌ಗಿಂತ ಮೇಲಿನ ಸದ್ದು ಸಲೀಸು. ಶಿಳ್ಳೆ ಹಕ್ಕಿ ಸಿಗುತ್ತದೆ. ಗೂಬೆಯ ತಗ್ಗಿದ ಗುಟುರಿಗೆ ಅದರಿಂದ ಹೆಚ್ಚೇನೂ ಆಗದು.

ಮೊಬೈಲ್ ಇದೆಯಲ್ಲ ಅನ್ನುತ್ತೀರಿ. ಹಕ್ಕಿ ಯಾವುದು ಅಂತ ತಿಳಿಯಲು ಸಾಕು. ಆದರೆ ಮೊಬೈಲು ಮನುಷ್ಯರ ಮಾತಿಗೆ ಅಂತ ಪಳಗಿದ ಯಂತ್ರ, ಜೀರುಂಡೆಯನ್ನು ಗದ್ದಲ ಅಂದುಕೊಂಡು ಒರೆಸಿಹಾಕುವುದೂ ಉಂಟು.

ಇನ್ನು ಜೋರು ಸದ್ದಿನ ಕಡೆ. ಒಮ್ಮೆ ಯಕ್ಷಗಾನ ಬಯಲಾಟಕ್ಕೆ ರೆಕಾರ್ಡರ್ ಒಯ್ದಿದ್ದೆ. ದೇವಿ ಮಹಾತ್ಮೆ ಪ್ರಸಂಗ. ಭಾಗವತರ ಪದಕ್ಕೆ ಹೊಂದುವಂತೆ ಗೇನ್, ಅಂದರೆ ಸದ್ದನ್ನು ಹಿಗ್ಗಿಸುವ ಮಟ್ಟ, ಇಟ್ಟು ಚಹಾ ಕುಡಿಯಲು ಹೋದೆ. ಅಷ್ಟರಲ್ಲಿ ಜನರ ನಡುವಿನಿಂದ ಮಹಿಷಾಸುರ ಬಂದ! ಚಂಡೆ, ಕೇಕೆ, ಪಟಾಕಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಅಲೆಗಳ ತಲೆಯೆಲ್ಲ ಕತ್ತರಿಸಿ ಮಟ್ಟ ಮಾಡಿದ ಬೇಲಿಗಿಡದಂತಿತ್ತು. ಹೀಗೆ ಕತ್ತರಿಸಿಹೋದ ಸದ್ದು ಒಡಕು ಡಬ್ಬ ಬಡಿದ ಹಾಗೆ ಕೇಳುತ್ತದೆ, ರಿಪೇರಿ ಆಗುವುದು ಅಷ್ಟರಲ್ಲೇ ಇದೆ.

ಇದಕ್ಕೆ ಈಗ ಬಂದಿರುವ ಮದ್ದು 32 ಬಿಟ್ ಫ್ಲೋಟ್, ಸದ್ದನ್ನು ಅಂಕಿಯಾಗಿ ಬರೆದಿಡುವ ಒಂದು ಬಗೆ. 16 ಬಿಟ್‌ನಲ್ಲಿ ಪಿಸುಮಾತಿಗೂ ಅಬ್ಬರಕ್ಕೂ ನಡುವೆ 96 ಡೆಸಿಬೆಲ್ ಜಾಗ, 24ರಲ್ಲಿ ಕಾಗದದ ಮೇಲೆ 144. ಫ್ಲೋಟ್‌ನಲ್ಲಿ 1,500ಕ್ಕೂ ಜಾಸ್ತಿ. ಅಂಕಿಯ ಜೊತೆಗೆ ಅದರ ಅಳತೆಗೋಲನ್ನೂ ಬರೆದಿಡುವ ಜಾಣತನ ಇದು. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೆಲುದನಿಗೆ ಒಂದು, ಅಬ್ಬರಕ್ಕೆ ಒಂದು ಅಂತ ಮೈಕ್‌ನ ವಿದ್ಯುತ್ತನ್ನು ಅಂಕಿಯಾಗಿಸುವ ಎರಡು ಪರಿವರ್ತಕಗಳಿರುತ್ತವೆ. ಗೇನ್ ಗುಂಡಿ ಮರೆತರೂ ನಡೆಯುತ್ತದೆ. ನನ್ನಂಥ ಚಹಾಪ್ರಿಯರಿಗೆ ಇದು ವರವೇ. ಆದರೆ ಅದು ಸ್‌ಸ್‌ಸ್ ಮಳೆಯನ್ನು ನಿಲ್ಲಿಸುವುದಿಲ್ಲ, ಮೈಕ್‌ನ ಮಿತಿಯನ್ನೂ ಏರಿಸುವುದಿಲ್ಲ. ಸಣ್ಣ ರೆಕಾರ್ಡರಿನ ಮೈಕ್ 120 ಡೆಸಿಬೆಲ್ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ. ಚಂಡೆಯ ಬುಡದಲ್ಲಿಟ್ಟು 32 ಬಿಟ್ ಇದೆ ಅಂತ ಧೈರ್ಯ ಮಾಡಬೇಡಿ.

ದುಡ್ಡು ಉಳಿದರೆ ಮೊದಲು ಕೊಳ್ಳಬೇಕಾದ್ದು ತುಪ್ಪಳದ ಟೋಪಿ. ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 1,930 ಮೀಟರ್ ಎತ್ತರ, ಗಾಳಿಗೆ ಅಲ್ಲಿ ಬಿಡುವಿಲ್ಲ. ರೆಕಾರ್ಡಿಂಗಿನಲ್ಲಿ ಕೇಳುವ ಗುಡುಗುಡು ನಮ್ಮ ಕಿವಿಗೆ ಕೇಳುವ ಗಾಳಿಯ ಸದ್ದಲ್ಲ, ಮೈಕ್‌ನ ಪೊರೆಗೇ ಸುಳಿಗಾಳಿ ಹೊಡೆಯುವ ಏಟು. ಉದ್ದ ಕೂದಲಿನ ಟೋಪಿ ಗಾಳಿಯನ್ನು ಕೂದಲಲ್ಲೇ ಸಿಕ್ಕಿಸಿ ಸುಸ್ತು ಮಾಡುತ್ತದೆ. ಯಂತ್ರದ ಜೊತೆ ಕೊಡುವ ತೆಳು ಸ್ಪಂಜು ಮನೆಯೊಳಗೆ ಮಾತಾಡುವವರ ಉಸಿರಿಗಷ್ಟೇ ಸರಿ. ಟೋಪಿಯ ಕೂದಲಲ್ಲಿ ಇಂಬಳ ಅಡಗಿ ಕೂತಿರುತ್ತದೆ, ಚೀಲಕ್ಕೆ ಹಾಕುವ ಮುಂಚೆ ಒಮ್ಮೆ ಕೊಡವಿ.

ಕೊಳ್ಳುವ ಮುಂಚೆ ಯಾರದಾದರೂ ರೆಕಾರ್ಡರನ್ನು ಒಂದು ರಾತ್ರಿಗೆ ಕೇಳಿ ತನ್ನಿ. ಫ್ರಿಜ್ಜು, ಫ್ಯಾನು ಎಲ್ಲ ಆರಿಸಿ. ರಾತ್ರಿ 2 ಗಂಟೆಗೆ ನಡುಮನೆಯಲ್ಲಿಟ್ಟು ಗೇನ್ ಪೂರ್ತಿ ಏರಿಸಿ, ಸದ್ದನ್ನು ಹಿಂಡಿ ಕುಗ್ಗಿಸದ ವೇವ್ ಫೈಲಿನಲ್ಲಿ ಒಂದು ನಿಮಿಷ ಹಿಡಿಯಿರಿ. ಕಾಡಿಗೆ ಹೋದಾಗಲೂ ವೇವ್ ಇರಲಿ, ಎಂಪಿ3 ಬೇಡ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಅಂದರೆ ಗಂಟೆಗೆ ಸುಮಾರು 1 ಜಿಬಿ ಅಷ್ಟೇ. ನಾನೂ ಹೀಗೆ ನನ್ನದನ್ನೂ ಗೆಳೆಯನದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನದರಲ್ಲಿ ಅದೇ ಜಡಿಮಳೆ. ಅವನದರಲ್ಲಿ ಅಡುಗೆಮನೆ ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು, ಅದರಾಚೆ ಯಾರೋ ಮಗ್ಗುಲು ಬದಲಿಸಿದ್ದು ಕೇಳಿತು.